ಆರಿಸಿ ಕೂಡಿಸುವ ಲೆಕ್ಕ

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ ನೆರೆಯುವುದು ನಿಮಗೆಲ್ಲ ತಿಳಿದ ವಿಷಯ. ಅಲ್ಲಿಂದ ನೀವು ಎರಡು ಸೇರು ಕಾಯಿ ಕೊಂಡು ಮನೆಗೆ ತರುತ್ತೀರಿ. ಹಿರಿಯರಿರುವ ಮನೆಯಲ್ಲಿ ಅದನ್ನು ಹಾಗೆಯೇ ಡಬ್ಬಿಗೆ ಸುರಿಯುವ ವಾಡಿಕೆಯಿಲ್ಲ. ಮೊರಕ್ಕೆ ಹಾಕಿ, ಒಂದೊಂದನ್ನೇ ನೋಡಿ, ಗಟ್ಟಿಯಾದುದನ್ನು ಒಂದು ಕಡೆಗೂ ಜೊಳ್ಳನ್ನು ಇನ್ನೊಂದು ಕಡೆಗೂ ಮಾಡುತ್ತಾರೆ. ಆಮೇಲೆ ಗಟ್ಟಿ ಕಾಯಿಯನ್ನು ಅಳೆಯುತ್ತಾರೆ. ಕೊಟ್ಟ ದುಡ್ಡಿಗೆ ನಿಜವಾಗಿ ಎಷ್ಟು ದಕ್ಕಿತೆಂಬುದು ಆಗ ತಿಳಿಯುತ್ತದೆ.

ಇಲ್ಲಿ ಆದ ಕೆಲಸಗಳು ಎರಡು. ಮೊದಲನೆಯದು ಆರಿಸುವುದು, ಎರಡನೆಯದು ಕೂಡಿಸಿ ಎಷ್ಟೆಂದು ಹೇಳುವುದು. ಇಂದು ಶಾಲೆಗಳಲ್ಲಿ ಮಕ್ಕಳು ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವುದನ್ನು, ಎಂದರೆ ಪ್ರೋಗ್ರಾಮಿಂಗನ್ನು, ಕಲಿಯುತ್ತಾರಷ್ಟೆ. ಅವರಿಗೆ ಮೊದಮೊದಲು ಬರುವ ಅಭ್ಯಾಸಗಳಲ್ಲಿ ಈ ಎರಡು ಕೆಲಸಗಳೂ ಜೊತೆಯಾಗಿಯೇ ಇರುತ್ತವೆ. ಒಂದು ಪಟ್ಟಿಯನ್ನು ಕೊಡುತ್ತಾರೆ. ಅದರಲ್ಲಿ ಇಂಥ ಗುಣವುಳ್ಳ ಬೆಲೆಗಳನ್ನು ಮಾತ್ರ ಆರಿಸಿ ಅವುಗಳ ಮೊತ್ತವನ್ನು ಹೇಳೆಂದು ಕೇಳುತ್ತಾರೆ. ಪಟ್ಟಿಗೆ ಲಿಸ್ಟ್ ಎಂದೂ ಆರಿಸುವುದಕ್ಕೆ ಫಿಲ್ಟರ್ ಎಂದೂ ಕೂಡಿಸುವುದಕ್ಕೆ ಸಮ್ ಎಂದೂ ಅವರ ಪುಸ್ತಕದ ಹೆಸರು. ಬೆಳಗಿನ ಕಾಫಿಯ ಫಿಲ್ಟರನ್ನು ಬಲ್ಲ ಬೆಂಗಳೂರಿನ ಮನೆಗಳಿಗೆ ಈ ಮಾತು ಹೊಸದೇನಲ್ಲ.

ನಾನು ಪ್ರೌಢಶಾಲೆಯ ಕನ್ನಡ ಪಂಡಿತ. ಹಳಗನ್ನಡ, ವ್ಯಾಕರಣ, ಛಂದಸ್ಸು ನನ್ನ ಕಸುಬು. ಐವತ್ತು ದಾಟಿದ ಮೇಲೆ, ಅಂಕಪಟ್ಟಿಯ ಕೆಲಸಕ್ಕೆ ಇನ್ನೊಬ್ಬರನ್ನು ಕಾಯಬಾರದೆಂದು, ನಮ್ಮ ಶಾಲೆಯ ತರುಣ ಉಪಾಧ್ಯಾಯರೊಬ್ಬರ ಪಕ್ಕದಲ್ಲಿ ಕುಳಿತು ಇದನ್ನು ಕಲಿತೆ. ಕಲಿತುದನ್ನು, ಕಲಿಯುವಾಗ ಮಾಡಿದ ಒಂದು ತಪ್ಪಿನೊಡನೆ, ನಿಮ್ಮ ಮುಂದೆ ಇಡುತ್ತೇನೆ. ಮನೆಯಲ್ಲಿ ಮಗುವೊಂದು ಇದೇ ಪಾಠವನ್ನು ಮಾಡುತ್ತಿದ್ದರೆ ನಿಮಗೆ ಉಪಯೋಗವಾದೀತು.

ಗಾಂಧಿಬಜಾರಿಗೆ ಹೋಗಿ ಬಂದ ಗೃಹಿಣಿಯೊಬ್ಬರು ಒಂದು ವಾರದ ಖರ್ಚನ್ನು ಹೀಗೆ ಬರೆದಿಟ್ಟಿದ್ದಾರೆನ್ನೋಣ: ತರಕಾರಿ ೧೨೦ ರೂಪಾಯಿ, ಹಾಲು ೫೪, ಕಾಫಿಪುಡಿ ೩೦೦, ಹೂವು ೪೦, ತರಕಾರಿ ೯೫, ಹಾಲು ೫೪, ಆಟೋ ೧೦೦, ತರಕಾರಿ ೧೪೦. ಒಟ್ಟು ಎಂಟು ಬಾಬತ್ತು, ೯೦೩ ರೂಪಾಯಿ. ಈಗ ಪ್ರಶ್ನೆ: ೧೦೦ ರೂಪಾಯಿಯಾಗಲಿ ಅದಕ್ಕಿಂತ ಹೆಚ್ಚಾಗಲಿ ಆದ ಬಾಬತ್ತುಗಳ ಮೊತ್ತವೆಷ್ಟು?

ನಾವು ನೀವು ಕಣ್ಣಾಡಿಸಿ ಹೇಳಿಬಿಡುತ್ತೇವೆ. ಯಂತ್ರಕ್ಕೆ ಹಾಗೆ ಒಟ್ಟಾಗಿ ಕಣ್ಣಾಡಿಸುವ ಶಕ್ತಿಯಿಲ್ಲ. ಅದಕ್ಕೆ ಒಂದೊಂದು ಹೆಜ್ಜೆಯನ್ನೂ ಹೇಳಿಕೊಡಬೇಕು. ಕನ್ನಡದಲ್ಲಿ ಆ ಆಜ್ಞೆಗಳನ್ನು ಬರೆದರೆ ಹೀಗಿರುತ್ತವೆ:

ಮೊತ್ತ = ೦
ಖರ್ಚಿನ ಪಟ್ಟಿಯ ಒಂದೊಂದು ಬೆಲೆಗೂ:
        ಬೆಲೆ ೧೦೦ ಅಥವಾ ಅದಕ್ಕಿಂತ ಹೆಚ್ಚು ಆಗಿದ್ದರೆ:
                ಮೊತ್ತ = ಮೊತ್ತ + ಬೆಲೆ
ಮೊತ್ತವನ್ನು ತೋರಿಸು

ಮೊತ್ತವೆಂಬುದು ಹೆಸರು ಬರೆದಿಟ್ಟ ಒಂದು ಡಬ್ಬಿ ಎಂದು ಭಾವಿಸಿ. ಕೆಲಸಕ್ಕೆ ಮೊದಲು ಅದನ್ನು ಬರಿದು ಮಾಡಬೇಕು, ಅದಕ್ಕಾಗಿ ಸೊನ್ನೆ. ಎರಡನೆಯ ಸಾಲು ಪಟ್ಟಿಯ ಬೆಲೆಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದಾದ ಮೇಲೊಂದರಂತೆ ಕೈಗೆ ತೆಗೆದುಕೊಳ್ಳುತ್ತದೆ. ಮೂರನೆಯ ಸಾಲು ಜರಡಿ. ನಾಲ್ಕನೆಯದು, ಜರಡಿಯ ಪರೀಕ್ಷೆಯಲ್ಲಿ ಗೆದ್ದುದನ್ನು ಡಬ್ಬಿಗೆ ಸೇರಿಸುತ್ತದೆ. ಎಲ್ಲ ಮುಗಿದ ಮೇಲೆ ಐದನೆಯ ಸಾಲು ಡಬ್ಬಿಯಲ್ಲಿರುವುದನ್ನು ನಮಗೆ ತೋರಿಸುತ್ತದೆ. ಡಬ್ಬಿಯಲ್ಲಿರುವ ಸಂಖ್ಯೆ ಎಂಟು ಸುತ್ತುಗಳಲ್ಲಿ ಕ್ರಮವಾಗಿ ೧೨೦, ೧೨೦, ೪೨೦, ೪೨೦, ೪೨೦, ೪೨೦, ೫೨೦, ೬೬೦ ಎಂದಾಗುತ್ತದೆ. ಪೆನ್ಸಿಲು ಹಿಡಿದು ಒಮ್ಮೆ ನೀವೇ ಮಾಡಿ ನೋಡಿ. ಬೆಲೆ ಜರಡಿಯಲ್ಲಿ ನಿಲ್ಲದ ಸುತ್ತುಗಳಲ್ಲಿ ಸಂಖ್ಯೆ ಇದ್ದಲ್ಲೇ ಇರುವುದನ್ನು ಗಮನಿಸಿ.

ನಾಲ್ಕನೆಯ ಸಾಲು ಲೆಕ್ಕ ಬಲ್ಲವರಿಗೆ ವಿಚಿತ್ರವಾಗಿ ಕಾಣುತ್ತದೆ. ಮೊತ್ತವು ಮೊತ್ತಕ್ಕೆ ಬೆಲೆಯನ್ನು ಸೇರಿಸಿದುದಕ್ಕೆ ಸಮ ಎಂದರೆ ಗಣಿತದಲ್ಲಿ ಅರ್ಥವಿಲ್ಲ. ಇಲ್ಲಿ ಆ ಎರಡು ಗೆರೆಯ ಗುರುತಿಗೆ ಸಮವೆಂಬ ಅರ್ಥವಿಲ್ಲ. ಬಲಗಡೆಯದನ್ನು ಲೆಕ್ಕಹಾಕಿ ಎಡಗಡೆಯ ಡಬ್ಬಿಯಲ್ಲಿ ಇಡು ಎಂದು ಅರ್ಥ. ಮಕ್ಕಳು ಮುಗ್ಗರಿಸುವುದು ಇಂಥ ಕಡೆ. ಒಮ್ಮೆ ಬಿಡಿಸಿ ಹೇಳಿದರೆ ಸಾಕು.

ಮಕ್ಕಳು ಹೆಚ್ಚಾಗಿ ಕಲಿಯುವ ಪೈಥಾನ್ ಎಂಬ ಭಾಷೆಯನ್ನು ಗೈಡೊ ವಾನ್ ರಾಸಮ್ ಎಂಬ ಹಾಲೆಂಡಿನ ವಿದ್ವಾಂಸರು ೧೯೯೧ರಲ್ಲಿ ಹೊರತಂದರು. ಅದರ ಹೆಸರು ಹೆಬ್ಬಾವಿನಿಂದ ಬಂದದ್ದಲ್ಲ; ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯತಂಡದ ಹೆಸರಿನಿಂದ ಬಂದದ್ದು. ಅದರ ಮೂಲಪದಗಳು ಇಂಗ್ಲಿಷಿನವೇ. ಆದರೆ ಡಬ್ಬಿಗಳಿಗೆ ನಾವಿಡುವ ಹೆಸರುಗಳು ಕನ್ನಡ ಲಿಪಿಯಲ್ಲಿ ಇರಬಹುದು. ಮೊತ್ತ, ಬೆಲೆ, ಖರ್ಚು ಎಂದೇ ಬರೆದರೂ ಇಂದಿನ ಪೈಥಾನ್ ಒಪ್ಪುತ್ತದೆ. ಆ ಭಾಷೆಯಲ್ಲಿ ಸಾಲು ಎಲ್ಲಿ ಪ್ರಾರಂಭವಾಗುತ್ತದೆ, ಎಡ ಅಂಚಿನಿಂದ ಎಷ್ಟು ಒಳಗೆ ಸರಿದಿದೆ ಎಂಬುದಕ್ಕೂ ಅರ್ಥವುಂಟು. ಒಳಗೆ ಸರಿದ ಸಾಲು ತನ್ನ ಮೇಲಿನ ಸಾಲಿನ ಅಧೀನ.

ಈ ಸ್ಥಾನದ ವಿಷಯದಲ್ಲಿ ಎರಡು ತಪ್ಪುಗಳು ಬಹು ಸಾಮಾನ್ಯ. ಸೊನ್ನೆ ಮಾಡುವ ಸಾಲನ್ನು ಸುತ್ತಿನ ಒಳಗೆ ಬರೆದರೆ, ಪ್ರತಿ ಬೆಲೆಗೂ ಡಬ್ಬಿಯನ್ನು ಕವಿಚಿದಂತಾಗುತ್ತದೆ. ನಮ್ಮ ಲೆಕ್ಕದಲ್ಲಿ ಕೊನೆಗೆ ಉಳಿಯುವುದು ಕಡೆಯ ತರಕಾರಿಯ ೧೪೦ ಮಾತ್ರ. ಕೂಡಿಸುವ ಸಾಲನ್ನು ಜರಡಿಯ ಅಧೀನದಿಂದ ಹೊರಕ್ಕೆ ಎಳೆದರೆ ಜೊಳ್ಳೂ ಗಟ್ಟಿಯೂ ಒಂದೇ ಆಗಿ ೯೦೩ ಬರುತ್ತದೆ. ಯಂತ್ರ ಎರಡನ್ನೂ ಒಂದೇ ಗಾಂಭೀರ್ಯದಿಂದ ತೋರಿಸುತ್ತದೆ. ತಪ್ಪಾಯಿತೆಂದು ಅದು ಹೇಳುವುದಿಲ್ಲ. ಏಕೆಂದರೆ ಅದರ ಪಾಲಿಗೆ ತಪ್ಪೇ ಆಗಿಲ್ಲ.

ಮೂರನೆಯದು ಕನ್ನಡ ಮೇಷ್ಟರಿಗೆ ಬಹು ಇಷ್ಟವಾದ ತಪ್ಪು. ನಾವು ಕೀಲಿಮಣೆಯಲ್ಲಿ ಒತ್ತಿದುದನ್ನು ಯಂತ್ರ ಮೊದಲು ಅಕ್ಷರವೆಂದೇ ತಿಳಿಯುತ್ತದೆ, ಸಂಖ್ಯೆಯೆಂದಲ್ಲ. ಅಕ್ಷರರೂಪದ ೧೨೦ನ್ನೂ ಅಕ್ಷರರೂಪದ ೫೪ನ್ನೂ ಕೂಡಿಸೆಂದರೆ ಅದು ೧೭೪ ಎನ್ನದೆ ೧೨೦೫೪ ಎಂದು ಒಂದರ ಪಕ್ಕ ಒಂದನ್ನು ಜೋಡಿಸುತ್ತದೆ. ಸಂಕಲನ ಮಾಡೆಂದರೆ ಸಂಧಿ ಮಾಡಿದ ಹಾಗೆ! ಆದುದರಿಂದ ಮೊದಲು ಅದನ್ನು ಸಂಖ್ಯೆಯಾಗಿ ಮಾರ್ಪಡಿಸೆಂದು ಹೇಳಬೇಕು. ಇಲ್ಲಿ ನನಗೆ ಒಂದು ಸಂತೋಷ ಕಾದಿತ್ತು. ಕನ್ನಡದ ಅಂಕಿಗಳಲ್ಲಿ ೧೨೦ ಎಂದು ಒತ್ತಿ, ಸಂಖ್ಯೆ ಮಾಡೆಂದರೆ, ಪೈಥಾನ್ ಅದನ್ನು ನೂರ ಇಪ್ಪತ್ತೆಂದೇ ಸರಿಯಾಗಿ ಓದುತ್ತದೆ.

ಇನ್ನು ಜರಡಿಯ ವಿಷಯಕ್ಕೆ ಬರೋಣ. ಕೂಡಿಸುವುದು ಯಂತ್ರಕ್ಕೆ ಸುಲಭ. ಎಷ್ಟು ದೊಡ್ಡ ಪಟ್ಟಿಯಾದರೂ ಅದು ಬೇಸರಪಡುವುದಿಲ್ಲ. ಯಾವುದನ್ನು ಕೂಡಿಸಬೇಕೆಂಬುದನ್ನು ಹೇಳುವ ಹೊಣೆ ನಮ್ಮದು. ಆ ಹೊಣೆ ಭಾಷೆಯದು.

ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಲೆಗೆ ಒಬ್ಬ ಹಳೆಯ ವಿದ್ಯಾರ್ಥಿಗಳು ಸ್ವಲ್ಪ ಹಣ ಕಳುಹಿಸಿ, ಕನ್ನಡದಲ್ಲಿ ೬೦ ಅಂಕ ಮತ್ತು ಅದಕ್ಕೆ ಮೇಲ್ಪಟ್ಟು ಪಡೆದ ಮಕ್ಕಳಿಗೆಲ್ಲ ಒಂದೊಂದು ಕನ್ನಡ ನಿಘಂಟನ್ನು ಬಹುಮಾನವಾಗಿ ಕೊಡಬೇಕೆಂದು ಕೇಳಿಕೊಂಡಿದ್ದರು. ಪಟ್ಟಿ ಮಾಡುವ ಕೆಲಸ ನನಗೆ ಬಂತು. ಹೊಸದಾಗಿ ಕಲಿತ ಉತ್ಸಾಹ; ಅಂಕಗಳ ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟು, ಐದಾರು ಸಾಲು ಬರೆದು, ಕ್ಷಣದಲ್ಲಿ ಹೆಸರುಗಳನ್ನೂ ಅವರ ಸಂಖ್ಯೆಯನ್ನೂ ತೆಗೆದೆ. ಪುಸ್ತಕಗಳು ಬಂದವು. ವೇದಿಕೆಯ ಮೇಲೆ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದುದೂ ಆಯಿತು.

ಮಾರನೆಯ ದಿನ ಒಬ್ಬ ಹುಡುಗಿ ತರಗತಿ ಮುಗಿದ ಮೇಲೆ ನನ್ನ ಮೇಜಿನ ಬಳಿ ಬಂದು ನಿಂತಳು. "ಸಾರ್, ಅರವತ್ತು ಬಂದವರಿಗೆ ಇಲ್ಲವೇ?" ಎಂದು ಕೇಳಿದಳು. ದೂರಿನ ಧ್ವನಿಯೇನೂ ಇರಲಿಲ್ಲ. ತಿಳಿದುಕೊಳ್ಳುವುದಕ್ಕೆ ಕೇಳಿದ ಹಾಗಿತ್ತು. ಅವಳಿಗೆ ಬಂದಿದ್ದುದು ಸರಿಯಾಗಿ ೬೦. ನಾನು ಯಂತ್ರಕ್ಕೆ ಬರೆದಿದ್ದುದು '೬೦ಕ್ಕಿಂತ ಹೆಚ್ಚು' ಎಂದು. ಯಂತ್ರ ನನ್ನ ಮಾತನ್ನು ಅಕ್ಷರಶಃ ನಡೆಸಿತ್ತು.

ನಿಘಂಟನ್ನೇನೋ ನನ್ನ ಕೈಯಿಂದ ಕೊಂಡು ಅಂದೇ ಕೊಟ್ಟೆ. ಆದರೆ ವೇದಿಕೆಯ ಮೇಲೆ ಕರೆಯದೆ ಬಿಟ್ಟ ಹೆಸರನ್ನು ಅಂಗಡಿಯಲ್ಲಿ ಕೊಂಡು ತರುವ ಹಾಗಿಲ್ಲವಲ್ಲ. ಮೂವತ್ತು ವರ್ಷ ಮಕ್ಕಳ ಬರೆವಣಿಗೆಯಲ್ಲಿ ಅರ್ಥದೋಷಗಳನ್ನು ಕೆಂಪು ಮಸಿಯಲ್ಲಿ ಗುರುತಿಸಿದ ಪಂಡಿತನಿಗೆ 'ಮೇಲ್ಪಟ್ಟು' ಎಂಬುದಕ್ಕೂ 'ಹೆಚ್ಚು' ಎಂಬುದಕ್ಕೂ ಇರುವ ವ್ಯತ್ಯಾಸ ಆ ಹೊತ್ತು ತೋಚಲಿಲ್ಲ.

ಅಂದಿನಿಂದ ನಾನು ಗಡಿಯ ಮಾತುಗಳನ್ನು ಬೇರೆ ಕಣ್ಣಿನಿಂದ ನೋಡುತ್ತೇನೆ. ೬೦ಕ್ಕಿಂತ ಹೆಚ್ಚು ಎಂದರೆ ೬೦ ಸೇರುವುದಿಲ್ಲ. ೬೦ಕ್ಕೆ ಕಡಿಮೆಯಿಲ್ಲದ ಎಂದರೆ ಸೇರುತ್ತದೆ. ಕನಿಷ್ಠ ೬೦ ಎಂದರೂ ಸೇರುತ್ತದೆ. ೬೦ರ ಒಳಗೆ ಎಂದರೆ ಕೇಳಿದವರಲ್ಲಿ ಒಬ್ಬರು ಸೇರಿತೆಂದೂ ಇನ್ನೊಬ್ಬರು ಸೇರದೆಂದೂ ತಿಳಿಯಬಹುದು. 'ಹತ್ತನೆಯ ತಾರೀಖಿನವರೆಗೆ' ಎಂದು ಪ್ರಕಟಣೆಯಲ್ಲಿ ಕಂಡಾಗ ಹತ್ತನೆಯ ತಾರೀಖು ಸೇರಿತೋ ಇಲ್ಲವೋ ಎಂದು ನಾವೆಲ್ಲ ಕೇಳಿಕೊಂಡವರೇ. ಮಾತಿನಲ್ಲಿ ಇಂಥ ಸಂದೇಹ ಬಂದರೆ ಎದುರಿಗಿದ್ದವರನ್ನು ಕೇಳಿ ತಿಳಿಯುತ್ತೇವೆ. ಯಂತ್ರ ಕೇಳುವುದಿಲ್ಲ. ಆದುದರಿಂದ ಆಜ್ಞೆ ಬರೆಯುವ ಮೊದಲು ಆ ನಿಬಂಧನೆಯನ್ನು ಒಂದು ಪೂರ್ಣ ಕನ್ನಡ ವಾಕ್ಯದಲ್ಲಿ ಬರೆದು, ಗಡಿಯಲ್ಲಿರುವ ಸಂಖ್ಯೆಯನ್ನು ಹೆಸರು ಹಿಡಿದು ಹೇಳಬೇಕು: "ಸರಿಯಾಗಿ ೬೦ ಬಂದವರೂ ಸೇರತಕ್ಕದ್ದು." ನಮ್ಮ ಖರ್ಚಿನ ಪಟ್ಟಿಯಲ್ಲಿಯೂ ಈ ಮಾತು ಸಲ್ಲುತ್ತದೆ. 'ಹೆಚ್ಚು' ಎಂದಷ್ಟೇ ಬರೆದಿದ್ದರೆ ಆಟೋವಿನ ೧೦೦ ರೂಪಾಯಿ ಜಾರಿ, ೬೬೦ರ ಬದಲು ೫೬೦ ಬರುತ್ತಿತ್ತು.

ಇದಕ್ಕೆ ಒಂದು ಪರಿಹಾರವೂ ಉಂಟು. ಆರಿಸಿದುದನ್ನು ನೋಡಿದ ಹಾಗೆ ಬಿಟ್ಟುದನ್ನೂ ನೋಡಬೇಕು. ಬಿಟ್ಟ ಬೆಲೆಗಳನ್ನು ಇನ್ನೊಂದು ಡಬ್ಬಿಗೆ ಕೂಡಿಸಿರೆಂದು ನಾನು ಮಕ್ಕಳಿಗೆ ಹೇಳುತ್ತೇನೆ. ನಮ್ಮ ಲೆಕ್ಕದಲ್ಲಿ ಬಿಟ್ಟವು ೫೪, ೪೦, ೯೫, ೫೪; ಮೊತ್ತ ೨೪೩. ಆರಿಸಿದ ೬೬೦ಕ್ಕೆ ಇದನ್ನು ಸೇರಿಸಿದರೆ ೯೦೩. ಇಡೀ ಪಟ್ಟಿಯ ಮೊತ್ತವೂ ಅದೇ. ಇದರಿಂದ ಯಾವ ಬಾಬತ್ತೂ ಕಳೆದುಹೋಗಿಲ್ಲ, ಯಾವುದೂ ಎರಡು ಸಲ ಸೇರಿಲ್ಲ ಎಂಬುದು ನಿಶ್ಚಯವಾಯಿತು. ಇಷ್ಟಾದರೂ ಗಡಿಯ ತಪ್ಪು ಈ ತಾಳೆಯಲ್ಲಿ ಸಿಕ್ಕುವುದಿಲ್ಲ. ೫೬೦ಕ್ಕೆ ೩೪೩ ಸೇರಿದರೂ ೯೦೩ ಆಗಿಯೇ ತೀರುತ್ತದೆ. ಅದಕ್ಕಾಗಿ ಬಿಟ್ಟವುಗಳ ಪಟ್ಟಿಯನ್ನು ಕಣ್ಣಿನಿಂದಲೇ ಓದಬೇಕು. ಬಿಟ್ಟವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ೧೦೦ ಎಂದು ಕಂಡೊಡನೆ ಎಚ್ಚರವಾಗುತ್ತದೆ. ಅಂದು ನಾನು ಬಹುಮಾನ ಬಾರದ ಮಕ್ಕಳ ಪಟ್ಟಿಯನ್ನೂ ಮುದ್ರಿಸಿ ಓದಿದ್ದರೆ, ಅದರಲ್ಲಿ ೬೦ ಎಂಬ ಅಂಕ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ.

ಉಳಿದ ಭಾಗಕ್ಕೂ ಲೆಕ್ಕದಲ್ಲಿ ಒಂದು ಸ್ಥಾನ ಕೊಡುವುದು ನಮ್ಮ ನಾಡಿನಲ್ಲಿ ಹಳೆಯದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ಬರೆದನು. ಅದರ ಮೂಲ ಪರಿಕರ್ಮಗಳಲ್ಲಿ ಸಂಕಲಿತವೂ ವ್ಯುತ್ಕಲಿತವೂ ಸೇರಿವೆ. ಸಂಕಲಿತವೆಂದರೆ ಒಂದು ಶ್ರೇಢಿಯ ಪದಗಳನ್ನು ಕೂಡಿಸುವುದು. ವ್ಯುತ್ಕಲಿತವೆಂದರೆ ಇಡೀ ಶ್ರೇಢಿಯಿಂದ ಮೊದಲಿನ ಕೆಲವು ಪದಗಳನ್ನು ತೆಗೆದು ಉಳಿದವುಗಳ ಮೊತ್ತವನ್ನು ಕಾಣುವುದು. ಒಂದರಿಂದ ಹತ್ತರವರೆಗಿನ ಮೊತ್ತ ೫೫, ಮೊದಲ ನಾಲ್ಕರ ಮೊತ್ತ ೧೦, ಉಳಿದುದು ೪೫. ತೆಗೆದುದು, ಉಳಿದುದು, ಒಟ್ಟು ಈ ಮೂರರಲ್ಲಿ ಎರಡು ತಿಳಿದರೆ ಮೂರನೆಯದು ತಾನೇ ತಿಳಿಯುತ್ತದೆ. ನಮ್ಮ ತಾಳೆಯ ಹಿಂದಿರುವುದೂ ಇದೇ.

ನನ್ನ ಕಸುಬಿನಲ್ಲಿ ಈ ಲೆಕ್ಕ ದಿನವೂ ನಡೆಯುತ್ತದೆ. ಪದ್ಯದ ಮಾತ್ರೆಗಳನ್ನು ಎಣಿಸುವಾಗ ಮಕ್ಕಳು ಮಾಡುವುದು ಮತ್ತೇನು? ಒಂದೊಂದು ಅಕ್ಷರವನ್ನೂ ನೋಡಿ ಲಘುವೋ ಗುರುವೋ ಎಂದು ಬೇರ್ಪಡಿಸುತ್ತಾರೆ. ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆಯಂತೆ ಕೂಡಿಸುತ್ತಾರೆ. ನಮ್ಮ ಬಡಾವಣೆಗಳ ಹೆಸರುಗಳನ್ನೇ ತೆಗೆದುಕೊಳ್ಳಿ. ಬಸವನಗುಡಿ ಎಂಬಲ್ಲಿ ಆರು ಅಕ್ಷರ, ಆರೂ ಲಘು, ಆರು ಮಾತ್ರೆ. ಮಲ್ಲೇಶ್ವರ ಎಂಬಲ್ಲಿ ನಾಲ್ಕೇ ಅಕ್ಷರ, ಆದರೂ ಆರು ಮಾತ್ರೆ. ಮೊದಲೆರಡು ಗುರು, ಕಡೆಯೆರಡು ಲಘು. ಚಾಮರಾಜಪೇಟೆಯಲ್ಲಿ ಮೂರು ಗುರು, ಮೂರು ಲಘು, ಒಂಬತ್ತು ಮಾತ್ರೆ.

ಮಲ್ಲೇಶ್ವರದ ಮೊದಲಕ್ಷರ ಹ್ರಸ್ವವಾದರೂ ಗುರುವಾದುದೇಕೆಂದು ಕೇಳಬಹುದು. ಅದರ ಮುಂದೆ ಒತ್ತಕ್ಷರ ಬಂದಿರುವುದರಿಂದ. ಎಂದರೆ ಇಲ್ಲಿ ಜರಡಿಯು ಕೈಯಲ್ಲಿರುವ ಅಕ್ಷರವನ್ನು ಮಾತ್ರ ನೋಡಿದರೆ ಸಾಲದು. ಅದರ ಮುಂದಿನದನ್ನೂ ನೋಡಬೇಕು. ಯಂತ್ರಕ್ಕೆ ಛಂದಸ್ಸು ಕಲಿಸಹೊರಟವರಿಗೆ ಇನ್ನೊಂದು ತೊಡಕೂ ಎದುರಾಗುತ್ತದೆ. ಯೂನಿಕೋಡ್ ಎಂಬ ಸಂಕೇತಕ್ರಮದಲ್ಲಿ ವ್ಯಂಜನಕ್ಕೂ ಅದಕ್ಕೆ ಹತ್ತುವ ಸ್ವರಚಿಹ್ನೆಗೂ ಬೇರೆಬೇರೆ ಮನೆಗಳು. ಆದುದರಿಂದ ಚಾಮರಾಜಪೇಟೆಯ ಉದ್ದವೆಷ್ಟೆಂದು ಕೇಳಿದರೆ ಪೈಥಾನ್ ೧೦ ಎನ್ನುತ್ತದೆ, ನಾವು ೬ ಎನ್ನುತ್ತೇವೆ. ಪಟ್ಟಿಯಲ್ಲಿ ಒಂದು ಎಂದು ಯಾವುದನ್ನು ಎಣಿಸಬೇಕೆಂಬುದನ್ನೂ ನಾವೇ ಮೊದಲು ಗೊತ್ತುಮಾಡಬೇಕು.

ಪಟ್ಟಿಯಲ್ಲಿ ಏನಿದೆ ಎಂಬಷ್ಟೇ ಏನಿಲ್ಲ ಎಂಬುದೂ ಮುಖ್ಯ. ನಾಲ್ವರು ಮಕ್ಕಳಲ್ಲಿ ಮೂವರಿಗೆ ೬೦, ೭೦, ೮೦ ಬಂದು, ಒಬ್ಬನು ಜ್ವರದಿಂದ ಪರೀಕ್ಷೆಗೆ ಬಾರದಿದ್ದನೆನ್ನಿ. ಗೈರುಹಾಜರಿಯನ್ನು ಸೊನ್ನೆಯೆಂದು ಬರೆದರೆ ಮೊತ್ತ ೨೧೦ ಆಗಿಯೇ ಇರುತ್ತದೆ. ಆದರೆ ಸರಾಸರಿ ೭೦ರಿಂದ ೫೨.೫ಕ್ಕೆ ಇಳಿಯುತ್ತದೆ. ಮೊತ್ತಕ್ಕೆ ಸೊನ್ನೆಯೂ ಖಾಲಿಯೂ ಒಂದೇ, ಸರಾಸರಿಗೆ ಒಂದೇ ಅಲ್ಲ. ಆದುದರಿಂದ ಗೈರುಹಾಜರಾದವರನ್ನು ಮೊದಲು ಬೇರ್ಪಡಿಸಿ, ಉಳಿದವರನ್ನು ಎಣಿಸಿ, ಆಮೇಲೆ ಭಾಗಿಸಬೇಕು. ಜರಡಿಯಲ್ಲಿ ಒಂದೂ ನಿಲ್ಲದೆ ಹೋದರೆ ಮೊತ್ತ ಸೊನ್ನೆ, ಎಣಿಕೆಯೂ ಸೊನ್ನೆ. ಸೊನ್ನೆಯಿಂದ ಭಾಗಿಸೆಂದರೆ ಯಂತ್ರ ಅಲ್ಲಿಯೇ ನಿಂತುಬಿಡುತ್ತದೆ. ಅದನ್ನೂ ಮುಂಚೆಯೇ ವಿಚಾರಿಸಿಕೊಳ್ಳಬೇಕು.

ಆರಿಸುವ ಕೆಲಸದ ದೊಡ್ಡ ಉದಾಹರಣೆಯೊಂದು ಚಾಮರಾಜಪೇಟೆಯಲ್ಲಿಯೇ ಇದೆ. ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ಹೊರತಂದ ಬೃಹತ್ತಾದ ಕನ್ನಡ ನಿಘಂಟಿನ ಮೊದಲ ಸಂಪುಟ ೧೯೭೦ರಲ್ಲಿಯೂ ಎಂಟನೆಯದೂ ಕಡೆಯದೂ ಆದ ಸಂಪುಟ ೧೯೯೫ರಲ್ಲಿಯೂ ಪ್ರಕಟವಾದವು. ಪ್ರೊ. ಜಿ. ವೆಂಕಟಸುಬ್ಬಯ್ಯನವರು ಅದರ ಪ್ರಧಾನ ಸಂಪಾದಕರಾಗಿದ್ದರು. ಕಾವ್ಯಗಳಿಂದಲೂ ಶಾಸನಗಳಿಂದಲೂ ಪ್ರಯೋಗಗಳನ್ನು ಎತ್ತಿ, ಪದಪದವಾಗಿ ಬೇರ್ಪಡಿಸಿ, ಒಂದೊಂದರ ಅರ್ಥವನ್ನೂ ತೂಗಿ ನೋಡಿದ ಕೆಲಸ ಅದು. ಹುಡುಕಿ ಒಟ್ಟುಗೂಡಿಸುವ ಶ್ರಮವನ್ನು ಇಂದು ಯಂತ್ರ ಬಹುಮಟ್ಟಿಗೆ ಕಡಿಮೆ ಮಾಡಬಲ್ಲುದು. ಇಂಥ ಪ್ರಯೋಗ ಈ ಪದಕ್ಕೆ ಸೇರುತ್ತದೆ, ಇಂಥದು ಸೇರುವುದಿಲ್ಲ ಎಂಬ ತೀರ್ಮಾನಕ್ಕೆ ಭಾಷೆ ಬಲ್ಲವರು ಈಗಲೂ ಬೇಕು.

ಈ ಪಾಠವನ್ನು ಮನೆಯಲ್ಲಿ ಪ್ರಯೋಗಿಸಲು ಗಣಕಯಂತ್ರವೇ ಬೇಕೆಂದಿಲ್ಲ. ಈ ತಿಂಗಳ ಖರ್ಚಿನ ಪುಸ್ತಕವನ್ನು ಮಗುವಿನ ಕೈಗೆ ಕೊಡಿ. ತರಕಾರಿಯ ಬಾಬತ್ತನ್ನು ಮಾತ್ರ ಆರಿಸಿ ಕೂಡಿಸಲು ಹೇಳಿ. ಮೇಲಿನ ಪಟ್ಟಿಯಲ್ಲಿ ಅದು ೧೨೦, ೯೫, ೧೪೦ ಸೇರಿ ೩೫೫. ಮಗು ಮೊದಲು ಕಾಗದದ ಮೇಲೆ ನಿಬಂಧನೆಯನ್ನು ಒಂದು ವಾಕ್ಯದಲ್ಲಿ ಬರೆಯಲಿ. ಕೊತ್ತಂಬರಿ ಸೊಪ್ಪು ತರಕಾರಿಯೇ ಅಲ್ಲವೇ, ನಿಂಬೆಹಣ್ಣು ತರಕಾರಿಯೇ ಹಣ್ಣೇ ಎಂದು ಮನೆಯಲ್ಲಿ ಸ್ವಲ್ಪ ಚರ್ಚೆ ನಡೆಯಲಿ. ಆ ಚರ್ಚೆಯೇ ಪಾಠದ ಕಠಿಣವಾದ ಭಾಗ. ಅದು ತೀರಿದ ಮೇಲೆ ಆಜ್ಞೆ ಬರೆಯುವುದು ಐದು ನಿಮಿಷದ ಕೆಲಸ.

ಮಗು ಓಡಿಬಂದು ಮೊತ್ತ ಇಷ್ಟು ಎಂದು ಹೇಳಿದಾಗ ಭೇಷ್ ಎನ್ನಿ. ಅದರ ಜೊತೆಯಲ್ಲಿ ಇನ್ನೊಂದು ಪ್ರಶ್ನೆಯನ್ನೂ ತಪ್ಪದೆ ಕೇಳಿ: "ಬಿಟ್ಟದ್ದು ಯಾವುದು ಯಾವುದು, ಓದು ನೋಡೋಣ."